ಅಂತ್ಯದ ಇನ್ನರ್ಧ

ಈ ವಿಶ್ವ ಹೇಗೆ ಮುಗಿಯಬೇಕೆಂಬುದನ್ನು ನಮ್ಮೂರಲ್ಲಿ ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಊರ ನಡುವಿನ ಕಟ್ಟೆಯ ಮುಂದೆ ಕೈಯೆತ್ತಿ ತೀರ್ಮಾನಿಸುತ್ತಾರೆ. ತೀರ್ಮಾನವಾದ ಮರುದಿನದಿಂದಲೇ ಊರು ಹಾಗೆ ಮುಗಿಯಲು ಶುರುಮಾಡುತ್ತದೆ. ಒಂದೇ ಸಲಕ್ಕಲ್ಲ. ವಿಶ್ವ ಮುಗಿಯುವುದೆಂದರೆ ಬೀಡಿ ಮುಗಿದಂತಲ್ಲವಲ್ಲ! ವರ್ಷದ ಪಾಲಿಗೆ ಎಷ್ಟು ಮುಗಿಯಬೇಕೋ ಅಷ್ಟು ಮುಗಿಯುತ್ತದೆ. ಮತ್ತೆ ಕಟ್ಟೆ ಸೇರುತ್ತದೆ. ಹಳೆಯದೇ ಸಾಕೋ, ಹೊಸ ಅಂತ್ಯ ಬೇಕೋ ಎಂದು ಕೇಳುತ್ತಾರೆ. ಬೇರೆ ಊರುಗಳಲ್ಲಿ ಚರಂಡಿ, ಬೀದಿದೀಪ ಎಂದು ಜಗಳಾಡುತ್ತಾರಂತೆ. ನಮ್ಮಲ್ಲಿ ಚರಂಡಿಯ ಮಾತೆತ್ತಿದರೆ "ಅಂತ್ಯದ ಮಾತಿನಾಗ ಚರಂಡಿ ತರಬ್ಯಾಡ" ಎಂದು ಗದರಿಸಿ ಕೂರಿಸುತ್ತಾರೆ.

ಕಟ್ಟೆಗೆ ಎರಡು ಕಟ್ಟಳೆ. ಮೊದಲನೆಯದು, ಯಾವ ಅಂತ್ಯವನ್ನೇ ಆರಿಸಲಿ, ಅದನ್ನು ಪುಸ್ತಕದಿಂದ ಗಟ್ಟಿಯಾಗಿ ಓದಬೇಕು. ಓದುವವರು ರಾಘಪ್ಪ ಮಾಸ್ತರರು. ಊರಗೌಡ ಚನ್ನನಗೌಡರು ತಮ್ಮ ಹೆಂಡತಿ ಗೌಡಶಾನಿ ಹಿಡಿದ ಪೀಕದಾನಿಗೆ ಬಾಯಲ್ಲಿನ ಎಲೆಯಡಿಕೆ ಉಗುಳಿದರೆಂದರೆ ಓದು ಮುಗಿಯಿತು ಎಂದರ್ಥ. ಗೌಡರ ಅಪ್ಪನ ಕಾಲದಲ್ಲೂ ಹಾಗೇ, ಅಜ್ಜನ ಕಾಲದಲ್ಲೂ ಹಾಗೇ. ಆ ಮನೆತನದಲ್ಲಿ ಯಾರ ಬಾಯಲ್ಲೂ ಎಲೆಯಡಿಕೆ ಬಹಳ ಹೊತ್ತು ನಿಂತದ್ದಿಲ್ಲ. ಹೀಗಾಗಿ ನಮ್ಮೂರು ಯಾವ ಅಂತ್ಯವನ್ನೂ ಅರ್ಧಕ್ಕಿಂತ ಹೆಚ್ಚು ಕೇಳಿಯೇ ಇರಲಿಲ್ಲ. ಎರಡನೆಯದು, ಕಟ್ಟೆಯ ಮೇಲೆ ನಿಂತವರ ಕಣ್ಣಿಗೆ ಕಂಡ ಕೈಯನ್ನಷ್ಟೇ ಎಣಿಸಬೇಕು. ಕೇರಿಯವರು ಕಟ್ಟೆ ಹತ್ತುವಂತಿಲ್ಲ ಎಂಬುದನ್ನು ಯಾರೂ ಕಟ್ಟಳೆ ಎಂದು ಕರೆಯಲಿಲ್ಲ, ಕರೆಯುವ ಅಗತ್ಯವೇ ಬಿದ್ದಿರಲಿಲ್ಲ. ನಾವು ಕಟ್ಟೆಯ ಎದುರಿನ ನೀರಿನ ಟ್ಯಾಂಕಿನ ಬಳಿ ನಿಂತು ಕೈಯೆತ್ತುತ್ತಿದ್ದೆವು.

ನಾನು ಲಂಗ ಉಡುತ್ತಿದ್ದ ಕಾಲದಲ್ಲಿ ಒಂದು ವರ್ಷ ತಣಿಯುವ ಅಂತ್ಯ ಗೆದ್ದಿತ್ತು. ಬಿಸಿಯೆಲ್ಲ ಹರಡಿ ಹರಡಿ, ಎಲ್ಲವೂ ಒಂದೇ ಹದಕ್ಕೆ ಬಂದು, ವಿಶ್ವ ಸುಮ್ಮನೆ ಕೂತುಬಿಡುವುದು. ಆ ವರ್ಷ ಗೌಡರ ಚಹಾ, ನಮ್ಮ ಅಂಬಲಿ, ಗುಡಿಯ ಮುಂದಿನ ಕಲ್ಲು ಎಲ್ಲವೂ ಒಂದೇ ಉಗುರುಬೆಚ್ಚಗೆ. ಆ ಚಹಾ ಕುಡಿದು ಗೌಡರು, ಮಾಸ್ತರರು ಇರುವ ಮೇಲೋಣಿಯವರು ಹುಚ್ಚರಾಗುವುದೊಂದು ಬಾಕಿ. ಮರುವರ್ಷ ಕುಗ್ಗುವ ಅಂತ್ಯ ಆರಿಸಿದರು. ಹರಡಿದ್ದೆಲ್ಲ ತಿರುಗಿ ಬಂದು ಒಂದೇ ಚುಕ್ಕಿಯಲ್ಲಿ ಕೂಡುವುದೆಂದು ಮಾಸ್ತರರು ಓದಿದಾಗ ಅದು ಕೂಡಿ ಬಾಳುವ ಸಂಸಾರದ ಮಾತಿನಂತೆ ಕೇಳಿತ್ತು. ಹೋಳಿಹುಣ್ಣಿಮೆಯ ಹೊತ್ತಿಗೆ ನಮ್ಮ ಕೇರಿ ಇಡಿಯಾಗಿ ಹೋಗಿ ಮೇಲೋಣಿಯ ಹಿತ್ತಲಿಗೆ ಬೆನ್ನು ತಾಗಿಸಿ ನಿಂತಿತು. ನಮ್ಮವ್ವ ಒಣಮಾಂಸದ ಸಾರಿಗೆ ಒಗ್ಗರಣೆ ಕೊಟ್ಟರೆ ಮಾಸ್ತರರ ದೇವರ ಕೋಣೆಯಲ್ಲಿ ಸೀನು. ವರ್ಷ ತುಂಬುವವರೆಗೂ ಕಾಯಲಿಲ್ಲ ಪುಣ್ಯಾತ್ಮರು. ತುರ್ತಾಗಿ ಕಟ್ಟೆ ಸೇರಿಸಿ ಹಿಗ್ಗುವ ಅಂತ್ಯಕ್ಕೆ ಕೈಯೆತ್ತಿದರು. ಅಲ್ಲಿಂದೀಚೆಗೆ ಪ್ರತಿ ವರ್ಷ ಹಿಗ್ಗೇ.

ಹಿಗ್ಗುವ ಊರಿನಲ್ಲಿ ಯಾರೂ ಎದ್ದು ದೂರ ಹೋಗುವುದಿಲ್ಲ, ನಡುವಿನ ನೆಲ ಬೆಳೆಯುತ್ತದೆ. ಟ್ಯಾಂಕಿಗೆ ಹೋಗುವಾಗ ಇದ್ದ ದಾರಿ ಬರುವಾಗ ಇನ್ನೂ ಉದ್ದವಾಗಿರುತ್ತಿತ್ತು. ಬರಿಗೊಡದವಳಿಗೆ ಗಿಡ್ಡ ದಾರಿ, ತುಂಬಿದ ಕೊಡದವಳಿಗೆ ಉದ್ದ ದಾರಿ. ವಿಶ್ವದ ನ್ಯಾಯವೂ ನಮ್ಮೂರಿನ ನ್ಯಾಯವನ್ನೇ ಕಲಿತುಬಿಟ್ಟಿತ್ತು. ಆದರೂ ಜನ ಹೊಂದಿಕೊಂಡರು, ಜನ ಯಾವುದಕ್ಕೆ ತಾನೇ ಹೊಂದಿಕೊಳ್ಳುವುದಿಲ್ಲ? ಕೂಗಿ ಕರೆಯುವುದನ್ನು ಬಿಟ್ಟು ಹಲಗೆ ಬಡಿದು ಕರೆಯುವುದನ್ನು ಕಲಿತೆವು. ಟ್ಯಾಂಕಿಗೆ ಹೊರಟವಳು ಸೆರಗಿನಲ್ಲಿ ರೊಟ್ಟಿ ಕಟ್ಟಿಕೊಂಡಳು. ಹೆಣ್ಣು ನೋಡಲು ಬಂದ ಬೀಗರು ಹುಡುಗಿಯ ಮುಖಕ್ಕಿಂತ ಮೊದಲು ಅವಳ ಹಿಮ್ಮಡಿ ನೋಡಿದರು. ಗೌಡರ ಹೊಲದ ಕೂಲಿಗೆ ಮಾತ್ರ ಟ್ರ್ಯಾಕ್ಟರ್ ಬಂದು ಕರೆದೊಯ್ಯುತ್ತಿತ್ತು. ದುಡಿಯಲು ನಾವು ಹತ್ತಿರದವರು, ಕುಡಿಯಲು ದೂರದವರು. ಕಟ್ಟೆ ಸೇರುವ ದಿನ ಆ ಟ್ರ್ಯಾಕ್ಟರ್ ಕೆಟ್ಟಿರುತ್ತಿತ್ತು. ನಾವು ಬೆಳೆಯುವ ದಾರಿಯಲ್ಲಿ ಏದುತ್ತ ತಲುಪುವಷ್ಟರಲ್ಲಿ ಎಣಿಕೆ ಮುಗಿಸಿ ಮಂಡಕ್ಕಿ ಮೆಲ್ಲುತ್ತಿರುತ್ತಿದ್ದರು. "ಕೈ ಎತ್ತಿದ್ದಿರೇನು? ನಮಗ ಕಾಣ್ಲೇ ಇಲ್ಲಲ್ಲ" ಎನ್ನುತ್ತಿದ್ದರು.

ಈ ವರ್ಷದ ಸುದ್ದಿ ತಂದವನು ಗೌಡರ ಟ್ರ್ಯಾಕ್ಟರ್ ಓಡಿಸುವ ನಮ್ಮ ಕೇರಿಯ ದುರುಗಪ್ಪ. ಭಾನುವಾರ ಮಧ್ಯಾಹ್ನ, ಖಾಸಿಂಕಾಕಾನ ಸೈಕಲ್ ಅಂಗಡಿಯ ಹಿಂದಿನ ತಗಡಿನ ಕೆಳಗೆ ನಮ್ಮ ಓದುಬಳಗ ಕೂತಿತ್ತು. ಕಾಕಾನ ಅಂಗಡಿ ಕೇರಿಯ ಬಾಯಲ್ಲೇ ಇತ್ತು. ಅವನ ಒಲೆಗೆ ಬೆಂಕಿ ನಮ್ಮ ಒಲೆಯಿಂದ, ನಮ್ಮ ಸೈಕಲ್ಲಿಗೆ ಗಾಳಿ ಅವನ ಪಂಪಿನಿಂದ. ದುರುಗಪ್ಪ ಬಂದವನೇ ಟವೆಲ್ ಕೊಡವಿ ಹೇಳಿದ: "ಈ ಸಲ ಬರೇ ಹಿಗ್ಗಲ್ಲಂತ. ಪೂರ್ಣ ಹಿಗ್ಗಂತ. ತಳ್ಳೋ ಶಕ್ತಿ ದಿನದಿನಕ್ಕ ಜಾಸ್ತಿ ಆಕ್ಕೋಂತ ಹೋಕ್ಕೈತಂತ. ಮುಂದಿನ ಸುಗ್ಗಿಗೆ ಕೇರಿ ಕಣ್ಣಿಗೂ ಕಾಣಂಗಿಲ್ಲ, ಹಲಗಿ ಸಪ್ಪಳಾನೂ ಕೇಳಂಗಿಲ್ಲ ಅಂತ ಗೌಡ ನಕ್ಕೋಂತ ಹೇಳಿದ."

"ಟ್ಯಾಂಕು?" ನಾನು ಕೇಳಿದೆ.

"ಟ್ಯಾಂಕು ಊರಿಂದಲ್ಲೇನು ಹುಲಿಗೆಕ್ಕಾ. ಊರ ಕೂಡ ಅದೂ ಹೋತು."

ನನ್ನ ಮನೆಯಲ್ಲಿ ಆ ಹೊತ್ತಿಗೆ ಅರ್ಧ ಕೊಡ ನೀರಿತ್ತು. ಎಲ್ಲರ ಮನೆಯಲ್ಲೂ ಅರ್ಧವೇ ಇದ್ದಿರಬೇಕು, ಏಕೆಂದರೆ ತುಂಬಿದ ಕೊಡ ಎಂಬುದನ್ನು ಕೇರಿ ಮರೆತು ಎಷ್ಟೋ ಕಾಲವಾಗಿತ್ತು. ಇನ್ನು ಆ ಅರ್ಧವೂ ಇಲ್ಲ. ಖಾಸಿಂಕಾಕಾ ಕೈಗಂಟಿದ್ದ ಗ್ರೀಸ್ ಒರೆಸಿಕೊಂಡು, "ಅಳೋದು ಆಮ್ಯಾಲ. ಮೊದಲು ಓದ್ರಿ. ನಮ್ಮನ್ನ ಯಾವುದು ಕೊಲ್ತೈತೋ ಅದನ್ನರ ಪೂರ್ತಿ ಓದೂಣು" ಎಂದ.

ಪುಸ್ತಕ ಮಾಸ್ತರರ ಕೈಯಲ್ಲಿರುವುದೇ. ಪೇಟೆಯ ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುವಂಥದ್ದು. ಓದುವ ರೀತಿ ಮಾತ್ರ ಬೇರೆ. ನಮ್ಮಲ್ಲಿ ಒಬ್ಬರು ಒಂದು ಪ್ಯಾರಾ ಓದಬೇಕು, ಪಕ್ಕದವರು ಅದನ್ನು ಮನೆಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಲು ಬಾರದಿದ್ದರೆ ಅದೇ ಪ್ಯಾರಾ ಮತ್ತೆ ಮೊದಲಿನಿಂದ. ಒಂದು ಪುಟಕ್ಕೆ ಒಂದು ತಿಂಗಳು ಹಿಡಿದದ್ದೂ ಉಂಟು. ಹೀಗೆ ಓದಿಯೇ ನಾವು ಸಂವಿಧಾನ ಓದಿದವರು, ಕೂಲಿ ಕಾಯ್ದೆ ಓದಿದವರು. ಪುಟ ತಿರುಗಿಸುವುದಕ್ಕೆ ಯಾವ ಗೌಡನ ಬಾಯಿಯನ್ನೂ ಕಾದವರಲ್ಲ.

ದುರುಗಪ್ಪ ಓದಿದ. ವಿಶ್ವವನ್ನು ಹಿಗ್ಗಿಸುವ, ಎಲ್ಲವನ್ನೂ ಒಂದರಿಂದ ಒಂದು ದೂರ ತಳ್ಳುವ, ಕಣ್ಣಿಗೆ ಕಾಣದ ಒಂದು ಶಕ್ತಿಯಿದೆ, ಅದನ್ನು ವಿಜ್ಞಾನಿಗಳು ಕಪ್ಪು ಶಕ್ತಿ ಎಂದು ಕರೆಯುತ್ತಾರೆ ಎಂದು ಪುಸ್ತಕದಲ್ಲಿತ್ತು. ಅವನು ಅಲ್ಲೇ ನಿಲ್ಲಿಸಿ ತೊಡೆ ತಟ್ಟಿದ: "ನೋಡ್ರಪಾ! ತಳ್ಳೋರು ಅವರು, ಬಣ್ಣ ನಮ್ದು!" ತಗಡು ಹಾರುವಂತೆ ನಕ್ಕೆವು. ಮುಂದೆ ತಣಿಯುವ ಅಂತ್ಯದ ಮಾತು ಬಂದಾಗ ಅವನ ಮುಖ ಸಣ್ಣದಾಯಿತು. "ಕಾಕಾ, ಎಲ್ಲಾ ಸಮ ಆದ್ರ ಏನೂ ನಡಿಯಂಗಿಲ್ಲ, ಎಲ್ಲಾ ಸತ್ತಂಗ ಅಂತ ಬರದಾರಲ್ಲ. ಗೌಡನೂ ಹಿಂಗ ಅಂತಾನ. ಸಮಾನತೆ ಅಂದ್ರ ಸಾವು, ವಿಜ್ಞಾನದಾಗ ಐತಿ ಅಂತಾನ."

"ಅದು ಒಲಿ ಆರಿದ ಮ್ಯಾಲಿನ ಸಮಾ ಲೇ" ಎಂದ ಕಾಕಾ. "ನಾವು ಕೇಳೋದು ಒಲಿ ಹೊತ್ತಿಸಿ ಎಲ್ಲಾರೂ ಸಮಾ ಉಣ್ಣೋದು. ಅವೆರಡಕ್ಕೂ ಅಂತರ ತಿಳಿದವ ಗೌಡ ಅಲ್ಲ. ತಿಳಿದಿದ್ರೂ ಹೇಳಾವಲ್ಲ. ಓದು ಮುಂದ."

ಮುಂದಿನ ಪ್ಯಾರಾ ನನ್ನ ಪಾಲಿಗೆ ಬಂತು. ಒಂದನ್ನೊಂದು ಸೆಳೆದು ಕಟ್ಟಿಕೊಂಡಿರುವ ವಸ್ತುಗಳ ನಡುವಿನ ಅಂತರ ಹಿಗ್ಗುವುದಿಲ್ಲ. ದೂರದೂರದ ನಕ್ಷತ್ರಲೋಕಗಳು ಒಂದರಿಂದೊಂದು ಸರಿದು ಹೋಗುತ್ತಿದ್ದರೂ ನಮ್ಮ ಸೂರ್ಯನಿಂದ ನಮ್ಮ ಭೂಮಿ ಹಾಗೆ ಸರಿದು ಹೋಗುತ್ತಿಲ್ಲ ಎಂದಿತ್ತು. ತಿರುಗಿ ಹೇಳಬೇಕಾದವಳು ಪಕ್ಕದಲ್ಲಿದ್ದ ಮರೆವ್ವಾಯಿ. ಓದು ಬಾರದವಳು, ಆದರೆ ಬಳಗ ತಪ್ಪಿಸದವಳು. "ಇನ್ನೊಮ್ಮೆ ಓದ" ಎಂದಳು. ಓದಿದೆ. "ಗಟ್ಟ್ಯಾಗಿ ಹಿಡಕೊಂಡಿದ್ದು ದೂರ ಆಗಂಗಿಲ್ಲ ಅಂತೀಯೇನು?" ಎಂದಳು.

"ಹೂನಾಯಿ."

"ಹಂಗಾರ ಕೇರ್‍ಯಾಗ ಮನಿಗೆ ಮನಿ ಯಾಕ ದೂರ ಆಗಿಲ್ಲ?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಪುಸ್ತಕ ಅಲ್ಲೇ ಬಿಟ್ಟು ಓಡಿದೆವು. ಹೌದಲ್ಲ! ಇಷ್ಟು ವರ್ಷ ಟ್ಯಾಂಕು ದೂರ ಹೋಯಿತು, ಕಟ್ಟೆ ದೂರ ಹೋಯಿತು ಎಂದು ಎದೆ ಬಡಿದುಕೊಂಡ ನಾವು ಕಾಲಬುಡವನ್ನೇ ನೋಡಿರಲಿಲ್ಲ. ನನ್ನ ಗೋಡೆಗೆ ಅಂಟಿದ ಮರೆವ್ವಾಯಿಯ ಗೋಡೆ ಅಂಟಿದಂತೆಯೇ ಇತ್ತು. ದುರುಗಪ್ಪನ ಅಂಗಳದ ಕೋಳಿ ಒಂದೇ ನೆಗೆತಕ್ಕೆ ಕಾಕಾನ ಅಂಗಳದಲ್ಲಿರುತ್ತಿತ್ತು, ಆಗಲೂ, ಈಗಲೂ. ಒಲೆಯ ಬೆಂಕಿ ಒಬ್ಬರಿಂದೊಬ್ಬರು ತಂದುಕೊಂಡವರು, ಹೆಣ ಎತ್ತಲು ಕರೆಯದೇ ಬಂದವರು, ಒಬ್ಬರ ಕೂಸಿಗೆ ಇನ್ನೊಬ್ಬರು ಹಾಲು ಕೊಟ್ಟವರು. ನಮ್ಮ ನಡುವೆ ನುಗ್ಗಲು ನೆಲಕ್ಕೆ ಸಂದೇ ಸಿಕ್ಕಿರಲಿಲ್ಲ! ಓಣಿಯಲ್ಲಿ ನಿಂತು ನಾನು ಹುಚ್ಚಿಯಂತೆ ಕೂಗಿದೆ. ಮಂದಿ ಹೊರಗೆ ಬಂದರು. ಏನಾಯಿತೆಂದು ಹೇಳಲು ಹೋದರೆ ಎಲ್ಲರೂ ಒಟ್ಟಿಗೇ ಹೇಳತೊಡಗಿ ಯಾರಿಗೂ ಏನೂ ತಿಳಿಯದೆ, ಕೊನೆಗೆ ದುರುಗಪ್ಪ ಹಲಗೆ ತಂದು ಬಡಿದು ಬಾಯಿ ಮುಚ್ಚಿಸಬೇಕಾಯಿತು.

ಮರುದಿನ ಬೆಳಗ್ಗೆ ನಾವು ನೀರಿಗೆ ನಡೆದು ಹೋಗಲಿಲ್ಲ. ಸಾಲಾಗಿ ನಿಂತೆವು. ಕೇರಿಯ ಬಾಯಿಂದ ಶುರುಮಾಡಿ, ಒಬ್ಬರ ಕೈ ಒಬ್ಬರು ಹಿಡಿದು, ಕೊಡ ಬಂದಾಗ ಕೈಯಿಂದ ಕೈಗೆ ದಾಟಿಸಿ ಮತ್ತೆ ಕೈ ಹಿಡಿದು. ಕಾಲಡಿಯ ನೆಲ ಎತ್ತು ಜಗ್ಗಿದಂತೆ ಜಗ್ಗಿತು. ನಮ್ಮ ಕೈ ಬಿಡಲಿಲ್ಲ. ಜಗ್ಗಿ ಜಗ್ಗಿ ಸಾಕಾಗಿ ಸುಮ್ಮನಾಯಿತು. ಸಾಲು ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ದಾರಿ ಇದ್ದಲ್ಲೇ ಇತ್ತು. ಅಲ್ಲಿಂದಾಚೆಗೆ ಮಾತ್ರ ಹಿಟ್ಟು ನಾದಿದಂತೆ ಬೆಳೆಯುತ್ತಿತ್ತು. ತೊಂದರೆಯೂ ಅಲ್ಲೇ ಇತ್ತು. ಕೇರಿಯಲ್ಲಿರುವ ಕೈಗಳೆಲ್ಲ ಸೇರಿದರೂ ದಾರಿಯ ಅರ್ಧಕ್ಕೆ ಬಂದು ನಿಂತವು.

ಆ ಅರ್ಧದಲ್ಲಿ ನೇಕಾರರ ಓಣಿ. ಅವರೂ ಟ್ಯಾಂಕಿನಿಂದ ದೂರವಾದವರೇ, ನಮ್ಮಷ್ಟಲ್ಲ ಎಂಬುದೊಂದೇ ಅವರ ಹೆಮ್ಮೆ. ಅವರಲ್ಲಿ ಹಿರಿಯಳು ಬನಶೆವ್ವ. ನಾನು ಹೋಗಿ ವಿಷಯ ಹೇಳಿದೆ. ಮಗ್ಗದಿಂದ ಏಳದೆಯೇ ಕೇಳಿದಳು.

"ನೀರು ಬೇಕು, ಖರೆ. ಆದರ ನಿಮ್ಮ ಕೈ ಹೆಂಗ ಹಿಡಿಲೆ ತಂಗಿ? ನಮ್ಮ ದೇವರು ಒಪ್ಪಬೇಕಲ್ಲ."

"ನಿಮ್ಮ ದೇವರು ನೀರು ತಂದು ಕೊಡ್ತಾನೇನ್ರಿ ಯಕ್ಕಾ?"

"ಬಾಯಿ ಭಾಳ ಆತು ನಿಂದು."

"ಬಾಯಿ ಒಣಗೈತ್ರಿ, ಅದಕ್ಕ ಸಪ್ಪಳ ಜಾಸ್ತಿ."

ಅವಳಿಗೆ ನಗು ಬಂತು, ತಡೆದುಕೊಂಡಳು. ಕೊನೆಗೊಂದು ಒಪ್ಪಂದಕ್ಕೆ ಬಂದಳು. ಕೈ ಹಿಡಿಯುವುದಿಲ್ಲ. ಕೊಡದ ಒಂದು ಬದಿ ನಾನು ಹಿಡಿಯಬೇಕು, ಇನ್ನೊಂದು ಬದಿ ಅವಳು. ಕಂಚು ಮೈಲಿಗೆಯನ್ನು ದಾಟಿಸುವುದಿಲ್ಲ ಎಂಬ ಲೆಕ್ಕ. ಸಿಟ್ಟು ನೆತ್ತಿಗೇರಿತ್ತು, ಆದರೆ ಕೇರಿಯ ಕಡೆ ತಿರುಗಿ ನೋಡಿದರೆ ಬಿಸಿಲಲ್ಲಿ ನಿಂತ ಸಾಲು. ಆಗಲಿ ಎಂದೆ. ನೇಕಾರರ ಓಣಿಯವರು ತಮ್ಮತಮ್ಮೊಳಗೆ ಕೈ ಹಿಡಿದು ಟ್ಯಾಂಕಿನವರೆಗೆ ನಿಂತರು. ಅವರ ಸಾಲಿನ ಈ ತುದಿಗೆ ಬನಶೆವ್ವ. ನಮ್ಮ ಸಾಲಿನ ತುದಿಗೆ ನಾನು. ನಡುವೆ ಕಂಚಿನ ಕೊಡ.

ಎಲ್ಲರ ಕಣ್ಣೆದುರಿಗೆ ನೆಲ ಅಲ್ಲೇ ಬಾಯಿಬಿಟ್ಟಿತು. ಅಷ್ಟುದ್ದದ ಸಾಲಿನಲ್ಲಿ ಅದಕ್ಕೆ ಸಿಕ್ಕ ಒಂದೇ ಸಂದು ಅದು. ನನ್ನ ತೋಳು ಎಳೆಯಿತು, ಅವಳ ತೋಳು ಎಳೆಯಿತು, ಕೊಡ ನಮ್ಮಿಬ್ಬರ ಬೆರಳ ತುದಿಗೆ ಬಂದು ನಿಂತಿತು, ಆಮೇಲೆ ನಿಲ್ಲಲಿಲ್ಲ. ಬಿದ್ದ ಕೊಡದಿಂದ ಚೆಲ್ಲಿದ ನೀರನ್ನು ಹೊಸದಾಗಿ ಹುಟ್ಟಿದ ಆ ನೆಲ ಗಟಗಟ ಕುಡಿಯಿತು. ಬನಶೆವ್ವ ಆ ಕಡೆಗೆ ಜಾರಿ ಜಾರಿ ಹೋಗುತ್ತಿದ್ದಳು. ಅವಳ ಹಿಂದೆ ಅವಳ ಸಾಲು. ಅವರ ಮಕ್ಕಳು ಅಳತೊಡಗಿದವು.

"ಕೈ ಕೊಡ್ರಿ ಯಕ್ಕಾ!" ಎಂದು ನಾನು ಚೀರಿದೆ. "ದೇವರಿಗೆ ನಾ ಹೇಳ್ತೀನಿ, ಕೈ ಕೊಡ್ರಿ!"

ಆ ಹೆಂಗಸು ಒಂದು ಗಳಿಗೆ ನನ್ನ ಕೈ ನೋಡಿದಳು. ಆಮೇಲೆ ಕುಪ್ಪಳಿಸಿ ಹಿಡಿದಳು, ನೋಡಿ! ಹಿಡಿದ ರಭಸಕ್ಕೆ ನನ್ನ ಬಳೆ ಒಡೆದವು. ನೂಲು ಎಳೆದೆಳೆದು ಗಟ್ಟಿಯಾದ ಬೆರಳು, ನನ್ನ ಮೂಳೆ ನೋಯುವಷ್ಟು ಬಿಗಿ. ನೆಲ ಒಮ್ಮೆ ನಡುಗಿ ನಿಂತುಬಿಟ್ಟಿತು. "ಹೇಳ್ತೀಯೇನು ಮತ್ತ ದೇವರಿಗೆ?" ಎಂದು ಏದುಸಿರಿನಲ್ಲಿ ಕೇಳಿದಳು. "ಬಿಡಬ್ಯಾಡ್ರಿ ಮೊದಲು" ಎಂದೆ. ಅವತ್ತು ಕೇರಿಗೆ ತುಂಬಿದ ಕೊಡ ಬಂತು. ಮರೆವ್ವಾಯಿ ಅದರೊಳಗೆ ಮುಖ ನೋಡಿಕೊಂಡು ಎಷ್ಟು ಮುದುಕಿಯಾಗಿದ್ದೇನೆಂದು ತನ್ನಷ್ಟಕ್ಕೆ ತಾನೇ ಬೈದುಕೊಂಡಳು.

ಗೆದ್ದೆವೆಂದು ಕುಣಿಯುತ್ತಿದ್ದಾಗ ಖಾಸಿಂಕಾಕಾ ಕುಣಿಯಲಿಲ್ಲ. ಅವನು ಉಳಿದ ಪುಟಗಳನ್ನು ಓದಿ ಬಂದಿದ್ದ. ನಮ್ಮನ್ನು ಕೂರಿಸಿ ಮತ್ತೆ ಓದಿಸಿದ. ಪೂರ್ಣ ಹಿಗ್ಗು ಅರ್ಧದ ಹೆಸರು. ಅದರ ಪೂರ್ತಿ ಹೆಸರು ಮಹಾಚಿಂದಿ. ತಳ್ಳುವ ಶಕ್ತಿ ಹೀಗೇ ಹೆಚ್ಚುತ್ತ ಹೋದರೆ ಒಂದು ದಿನ ಕಟ್ಟಿಕೊಂಡದ್ದನ್ನೂ ಬಿಡಿಸುತ್ತದೆ. ನಕ್ಷತ್ರದಿಂದ ನಕ್ಷತ್ರ, ಸೂರ್ಯನಿಂದ ಭೂಮಿ, ಕಲ್ಲಿನಿಂದ ಕಲ್ಲು, ಕೊನೆಗೆ ಅಣುವಿನೊಳಗಿನ ಪರಮಾಣುವೂ ಚಿಂದಿ. "ಅಂದ್ರ ನಮ್ಮ ಸಾಲು?" ಎಂದು ದುರುಗಪ್ಪ ಕೇಳಿದ. "ಪೂರ್ಣ ಹಿಗ್ಗು ಗೆದ್ದರ ಸಾಲೂ ಉಳಿಯಂಗಿಲ್ಲ ತಮ್ಮಾ. ಎಂಥಾ ಕೈಯಾದ್ರೂ ಬಿಡಿಸ್ತೈತದು. ನಮ್ಮದಷ್ಟ ಅಲ್ಲ, ಅವರದೂ." ಗೌಡರಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ನಮ್ಮನ್ನು ದೂರ ತಳ್ಳುವ ಪುಟ ಬಂದೊಡನೆ ಅವರಿಗೆ ಉಗುಳಬೇಕೆನಿಸಿತ್ತು. ತಮ್ಮ ಸರದಿ ಬರುವ ಪುಟವನ್ನು ಅವರ ಮನೆತನ ಕೇಳಿಯೇ ಇರಲಿಲ್ಲ.

ಕಟ್ಟೆ ಸೇರುವ ದಿನ ಟ್ರ್ಯಾಕ್ಟರ್ ಎಂದಿನಂತೆ ಕೆಟ್ಟಿತು. ನಾವು ಎಂದಿನಂತೆ ಏದುತ್ತ ಬರಲಿಲ್ಲ. ಬೆಳಗ್ಗೆಯೇ ಕೇರಿ, ನೇಕಾರರ ಓಣಿ ಎರಡೂ ಒಂದರೊಳಗೊಂದು ಬೆರೆತು, ಕೈ ಹಿಡಿದು ದಾರಿಯನ್ನು ಅಲ್ಲಾಡದಂತೆ ಹಿಡಿದು ನಿಂತವು, ಕೇರಿಯ ಬಾಯಿಂದ ಟ್ಯಾಂಕಿನವರೆಗೆ. ಟ್ಯಾಂಕಿನ ತುದಿಗೆ ನಾನು, ನನ್ನ ಕೈಯಲ್ಲಿ ಬನಶೆವ್ವನ ಕೈ. ಕಟ್ಟೆಯ ಮೇಲಿನವರು ನಮ್ಮನ್ನು ಕಂಡು, ಸತ್ತವರು ಎದ್ದು ಬಂದರೇನೋ ಎಂಬಂತೆ ಕಣ್ಣುಜ್ಜಿಕೊಂಡರು. ಮೇಲೋಣಿಯವರ ಕುರ್ಚಿಗಳೂ ಒಂದಕ್ಕೊಂದು ಎಷ್ಟು ದೂರ ಸರಿದಿದ್ದವೆಂದರೆ, ಗೌಡರು ತಮ್ಮನಿಗೆ ಏನೋ ಹೇಳಲು ಆಳಿನ ಕೈಯಲ್ಲಿ ಹೇಳಿಕಳಿಸುತ್ತಿದ್ದರು.

ಮಾಸ್ತರರು ಓದಿದರು. ಚೆನ್ನಾಗಿಯೇ ಓದಿದರು. ವಿಶ್ವದ ಹಿಗ್ಗು ಹೇಗೆ ವೇಗ ಪಡೆಯುತ್ತದೆ, ದೂರದ್ದು ಹೇಗೆ ಇನ್ನೂ ದೂರವಾಗಿ, ಅದರ ಬೆಳಕೂ ನಮ್ಮನ್ನು ಮುಟ್ಟದಂತಾಗುತ್ತದೆ ಎಂಬಲ್ಲಿಗೆ ಬಂದಾಗ ಗೌಡರು ನಮ್ಮ ಕಡೆ ನೋಡಿ, ತುಂಬಿದ ಬಾಯಲ್ಲೇ ಮುಗುಳ್ನಕ್ಕು ಎದ್ದರು. ಗೌಡಶಾನಿ ಪೀಕದಾನಿ ಎತ್ತಿ ಹಿಡಿದರು.

"ಇನ್ನರ್ಧ ಐತ್ರಿ!" ಎಂದು ನಾನು ಕೂಗಿದೆ.

ಊರಿಗೆ ಊರೇ ತಿರುಗಿತು. ಮಾಸ್ತರರು "ಏಯ್, ಕೇರಿಯವರು ಕಟ್ಟಿ ಹತ್ತಂಗಿಲ್ಲ" ಎಂದರು. "ಹತ್ತಿಲ್ರಿ, ಟ್ಯಾಂಕಿನ ಬುಡಕ ನಿಂತೀನಿ" ಎಂದೆ. ಗೌಡರಿಗೆ ಬಯ್ಯಬೇಕು, ಬಾಯಿ ತುಂಬ ಎಲೆಯಡಿಕೆ. ಬಯ್ಯಬೇಕಾದರೆ ಉಗುಳಬೇಕು. ನಾನು ಉಸಿರು ತೆಗೆದುಕೊಳ್ಳದೆ ಹೇಳತೊಡಗಿದೆ, ಓದಿದಂತೆ ಅಲ್ಲ, ಬಳಗದಲ್ಲಿ ತಿರುಗಿ ಹೇಳಿದಂತೆ: "ಮೊದಲು ಕೇರಿ ಹೋಕ್ಕೈತಿ. ಆಮ್ಯಾಲ ನೇಕಾರರ ಓಣಿ. ಆಮ್ಯಾಲ ನಿಮ್ಮ ಓಣ್ಯಾಗ ಮನಿಯಿಂದ ಮನಿ. ಆಮ್ಯಾಲ ಮನ್ಯಾಗ ಅಡಗಿಮನಿಯಿಂದ ಪಡಸಾಲಿ. ಆಮ್ಯಾಲ ಗಂಗಾಳದಿಂದ ಕೈ, ಕೈಯಿಂದ ಬಾಯಿ. ಕೂಸಿನಿಂದ ತಾಯಿ. ಹಲ್ಲಿನಿಂದ ವಸಡು. ಉಗುರಿನಿಂದ ಬೆರಳು. ಇದನ್ನ ಚಿಂದಿ ಅಂತಾರ್ರೀ, ಪುಸ್ತಕದಾಗ ಐತಿ. ಮಾಸ್ತರ ಮುಂದಿನ ಪುಟ ಓದಲಿ!"

ಗೌಡರು ಪೀಕದಾನಿಯ ಕಡೆ ಬಾಗಿದರು. ಗೌಡಶಾನಿ ಅದನ್ನು ಹಿಂದಕ್ಕೆಳೆದುಕೊಂಡರು.

ಗೌಡರ ಕೆನ್ನೆ ಉಬ್ಬಿತ್ತು, ಕಣ್ಣು ಕೆಂಪಾಗಿದ್ದವು. ಕಟ್ಟೆಯ ಮೇಲೆ ನೆಲಕ್ಕೆ ಉಗುಳುವಂತಿಲ್ಲ, ಅದು ಅವರಜ್ಜನೇ ಮಾಡಿದ ಮಡಿ. "ತಡೀರಿ, ಕೇಳೂಣು" ಎಂದರು ಗೌಡಶಾನಿ, ಗಂಡನನ್ನು ನೋಡದೆ. ಆಮೇಲೆ ನನ್ನತ್ತ ತಿರುಗಿ, "ಎಲ್ಲಿಗೆ ನಿಲ್ತೈತಿ ಅದು?" ಎಂದು ಕೇಳಿದರು.

"ಮಾಸ್ತರನ್ನ ಕೇಳ್ರಿ ಅವ್ವಾರ. ಪುಸ್ತಕ ಅವರ ಕೈಯಾಗೈತಿ."

ಮಾಸ್ತರರು ಪುಟ ತಿರುಗಿಸಿದರು. ಓದುತ್ತ ಓದುತ್ತ ಅವರ ದನಿ ಇಳಿಯಿತು. "ನಿಲ್ಲಂಗಿಲ್ರಿ" ಎಂದರು.

"ನನ್ನ ಮಗಳ ಮನಿ ಇದ ಓಣ್ಯಾಗೈತಿ" ಎಂದರು ಗೌಡಶಾನಿ. ಯಾರಿಗೆ ಹೇಳಿದರೋ, ಊರಿಗೆಲ್ಲ ಕೇಳಿತು. "ಬಾಣಂತಿ ಅದಾಳ. ನೋಡಿ ಬರಾಕ ಜೀಪ್ ಹೂಡಬೇಕು ಈಗ. ನಿಲ್ಲಂಗಿಲ್ಲಂತ. ನಿಲ್ಲಂಗಿಲ್ಲಂದ್ರ ಯಾಕ ಬೇಕ್ರಿ ಅದು ನಮಗ?"

ಗೌಡರು ಎಲೆಯಡಿಕೆಯನ್ನು ನುಂಗಿಬಿಟ್ಟರು. ಕೆಮ್ಮು ಹತ್ತಿತು. ಕೆಮ್ಮುತ್ತಲೇ "ಕೈ ಎತ್ರಿ! ಪೂರ್ಣ ಹಿಗ್ಗಿಗೆ ಕೈ ಎತ್ರಿ!" ಎಂದರು. ಮೇಲೋಣಿಯ ಕೈಗಳು ಅಲ್ಲೊಂದು ಇಲ್ಲೊಂದು ಎದ್ದವು, ಒಲ್ಲದ ಮನಸ್ಸಿನಿಂದ. ಗೌಡಶಾನಿಯ ಕೈಯಲ್ಲಿ ಪೀಕದಾನಿ ಇತ್ತು, ಆ ಕೈ ಏಳಲಿಲ್ಲ. "ಬ್ಯಾಡ ಅನ್ನೋರು?" ಎಂದು ಕೇಳಿದವರು ಮಾಸ್ತರರು.

ಆಗಲೇ ನನಗೆ ಹೊಳೆದದ್ದು. ಕೈಯೆತ್ತಬೇಕೆಂದರೆ ಕೈ ಬಿಡಬೇಕು. ಬಿಟ್ಟರೆ ದಾರಿ ಬೆಳೆಯುತ್ತದೆ, ನಾವು ಜಾರಿಹೋಗುತ್ತೇವೆ, ಕೈ ಕಾಣುವುದಿಲ್ಲ. ಗೌಡರಿಗೂ ಅದು ಹೊಳೆದಿರಬೇಕು, ಕೆಮ್ಮಿನ ನಡುವೆಯೇ ಅವರ ಕಣ್ಣು ನಕ್ಕವು. ನಾನು ಬನಶೆವ್ವನನ್ನು ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ನೆಟ್ಟಗೆ ಕಟ್ಟೆಯನ್ನೇ ನೋಡುತ್ತ, ನನ್ನ ಕೈ ಹಿಡಿದ ತನ್ನ ಕೈಯನ್ನು ಹಾಗೇ ಮೇಲೆತ್ತಿದಳು. ನನ್ನದೂ ಎದ್ದಿತು. ಅವಳ ಆಚೆಯವಳದು, ಅದರಾಚೆಯವನದು, ಹೀಗೆ ಟ್ಯಾಂಕಿನಿಂದ ಕೇರಿಯ ಬಾಯಿಯವರೆಗೆ ಹಿಡಿದ ಕೈಗಳು ಹಿಡಿದಂತೆಯೇ ಅಲೆಯಾಗಿ ಎದ್ದುಹೋದವು! ಆ ತುದಿಯಲ್ಲಿ ದುರುಗಪ್ಪನ ಸಿಳ್ಳೆ.

"ಕೇರಿಯ ಕೈ ಬಿಟ್ಟು ಉಳಿದವನ್ನ ಎಣಸ್ರಿ" ಎಂದರು ಗೌಡರು.

ಮಾಸ್ತರರು ಬೆರಳು ಚಾಚಿ ಎಣಿಸಲು ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. "ಯಾವುದು ಯಾರ ಕೈ ಅಂತ ತಿಳಿಯಂಗಿಲ್ರಿ" ಎಂದರು.

"ಬಿಡಿಸಿ ಎಣಸ್ರಿ!"

"ಬಂದು ಬಿಡಸ್ರಿ" ಎಂದಳು ಬನಶೆವ್ವ. "ಮುಟ್ಟಬೇಕಾಕ್ಕೈತಿ, ನೋಡ್ರಿ ಮತ್ತ."

ಯಾರೂ ಬರಲಿಲ್ಲ. ಕಂಡ ಕೈಯನ್ನೆಲ್ಲ ಎಣಿಸಬೇಕಾಯಿತು. ಪೂರ್ಣ ಹಿಗ್ಗು ಬಿದ್ದುಹೋಯಿತು. ಬರಿಯ ಹಿಗ್ಗನ್ನಾದರೂ ಉಳಿಸಿಕೊಳ್ಳೋಣವೆಂದು ಗೌಡರ ತಮ್ಮ ದೂರದ ಕುರ್ಚಿಯಿಂದ ಹೇಳಿಕಳಿಸಿದ ಮಾತು ಬಂದು ತಲುಪುವಷ್ಟರಲ್ಲಿ ಅದಕ್ಕೂ ಬೇಡವೆಂದು ಕೈಯೆತ್ತಿಯಾಗಿತ್ತು. "ಹಂಗಾರ ಯಾವ ಅಂತ್ಯ ಬೇಕವ್ವಾ ನಿಮಗ?" ಎಂದು ಮಾಸ್ತರರು ನಿಜವಾಗಿಯೂ ತಿಳಿಯದೆ ಕೇಳಿದರು. ಇಷ್ಟು ವರ್ಷದಲ್ಲಿ ಅವರು ನಮ್ಮನ್ನು ಕೇಳಿದ ಮೊದಲ ಪ್ರಶ್ನೆ ಅದು. ಕೊನೆಯ ಪುಟದಲ್ಲಿ ಏನಿದೆ ಎಂಬುದು ನನಗೆ ಬಾಯಿಪಾಠವಿತ್ತು. "ವಿಶ್ವ ಹೆಂಗ ಮುಗಿತೈತಿ ಅಂತ ಬರದೋರಿಗೂ ಇನ್ನಾ ಗೊತ್ತಿಲ್ರಿ. ಇನ್ನಾ ಅಳೀಲಿಕ್ಕೆ ಹತ್ಯಾರ. ಅವರಿಗೇ ಗೊತ್ತಿಲ್ಲದ್ದನ್ನ ನಿಮ್ಮ ಕಟ್ಟಿ ಹೆಂಗ ಆರಿಸ್ತೈತಿ? ಈ ವರ್ಷ ಯಾವುದೂ ಬ್ಯಾಡ" ಎಂದೆ. ಅದಕ್ಕೂ ಕೈಗಳು ಎದ್ದವು, ಹಿಡಿದಂತೆಯೇ.

ಮರುದಿನ ಬೆಳಗ್ಗೆ ನಾನು ಒಬ್ಬಳೇ ಕೊಡ ಹೊತ್ತು ಹೊರಟೆ. ಸಾಲಿಲ್ಲ, ಹಿಡಿದ ಕೈಯಿಲ್ಲ, ನನ್ನ ಎರಡು ಕಾಲು, ಅಷ್ಟೇ. ದಾರಿ ಇದ್ದಷ್ಟೇ ಇತ್ತು. ಹತ್ತಿರವಾಗಿರಲಿಲ್ಲ, ದೂರವೂ ಆಗಿರಲಿಲ್ಲ. ಹೆಜ್ಜೆ ಹಾಕಿದರೆ ಹಾಕಿದಷ್ಟು ಕಡಿಮೆಯಾಗುವ ದಾರಿ ಎಂಬುದೊಂದಿದೆಯಲ್ಲ, ಅದನ್ನು ನಡೆಯುವ ಸುಖ ಏನೆಂದು ಹೇಳಲಿ! ಓಡಿದೆ. ನಗುನಗುತ್ತ ಓಡಿದೆ.

ನಲ್ಲಿಯ ಬಳಿ ಮಾಸ್ತರರ ಮನೆಯಾಕೆ ತಾಮ್ರದ ಕೊಡ ಇಟ್ಟುಕೊಂಡು ನಿಂತಿದ್ದಳು. ನನ್ನನ್ನು ಕಂಡು ಸೆರಗು ಎಳೆದುಕೊಂಡು, "ಏ, ದೂರ ಸರಿ ಅತ್ಲಾಗ" ಎಂದಳು. ಎಷ್ಟು ವರ್ಷಗಳ ಮೇಲೆ ಕೇಳಿದ ಮಾತು! ಇಷ್ಟು ಕಾಲ ಆ ಕೆಲಸವನ್ನು ಅವರ ಪರವಾಗಿ ನೆಲ ಮಾಡಿತ್ತು. ನೆಲದ ಜೊತೆ ಯಾರು ಜಗಳವಾಡುತ್ತಾರೆ? ಇನ್ನು ಅವರು ತಮ್ಮ ಬಾಯಿಂದಲೇ ಹೇಳಬೇಕು, ನನ್ನ ಮುಖ ನೋಡಿಕೊಂಡೇ ಹೇಳಬೇಕು, ಹೇಳಿದ್ದಕ್ಕೆ ಉತ್ತರವನ್ನೂ ಕೇಳಬೇಕು.

ನಾನು ನಲ್ಲಿಯ ಕೆಳಗೆ ಕೊಡ ಇಟ್ಟೆ. ಅದು ತುಂಬುವವರೆಗೆ ಸರಿಯಲಿಲ್ಲ.